ದಡ ಸೇರಿದ ಕ್ರಿಯಾಪದ

ಫ್ರೆಂಚ್ ಕಲಿಯಲು ಹೊರಟಾಗ ನನಗೆ ಮೊದಲು ನಗು ತರಿಸಿದ ಪದ 'ಅರಿವೇ'. ನಮ್ಮ ಕಡೆ ಅರಿವೆ ಅಂದ್ರೆ ಬಟ್ಟೆ, ಅವರಿಗೆ 'ತಲುಪು'. ಅಷ್ಟೇ ಅಲ್ವಾ ಎಂದು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಗೀಚಿ ಮುಂದೆ ಹೋದೆ.

ಫ್ರಾನ್ಸಿನಲ್ಲಿ ಕೆಲವು ತಿಂಗಳು ಇದ್ದಾಗ ಆ ಒಂದು ಸಾಲು ಸಾಲಲಿಲ್ಲ. ಕೆಫೆಯಲ್ಲಿ ಕರೆದರೆ ವೇಟರ್ "ಝಾರೀವ್!" ಎಂದು ಕೂಗಿ ಅತ್ತ ಕಡೆ ನಡೆದುಬಿಟ್ಟ. 'ನಾನು ತಲುಪುತ್ತೇನೆ' ಅಂತೆ. ಎಲ್ಲಿಗಪ್ಪಾ? ಸ್ವಲ್ಪ ಹೊತ್ತಿನ ಮೇಲೆ ಹೊಳೆಯಿತು. ನಮ್ಮ ಹೋಟೆಲಿನಲ್ಲಿ ಸಪ್ಲೈಯರ್ "ಬಂದೆ ಸಾರ್" ಎನ್ನುತ್ತಲೇ ಬೇರೆ ಟೇಬಲ್ಲಿಗೆ ಹೋಗುವುದಿಲ್ವಾ, ಅದೇ ಇದು!

ಇನ್ನೊಂದು ದಿನ ಮನೆ ಓನರಮ್ಮನಿಗೆ ನಿದ್ದೆ ಬರುತ್ತಿಲ್ಲ ಎಂದು ಹೇಳಬೇಕಿತ್ತು. 'ಆಗುವುದಿಲ್ಲ' ಎಂಬ ಅರ್ಥದ ಬೇರೆ ಪದ ಹಾಕಿದೆ. ತಪ್ಪೇನಲ್ಲ. ಆದರೆ ಅದನ್ನೇ ಅವರು ತಿರುಗಿಸಿ ಅಂದದ್ದು "ಜ ನಾರೀವ್ ಪಾ ಆ ದೊರ್ಮೀರ್". ಪ್ರಯತ್ನ ಪಟ್ಟರೂ ಕೈಗೂಡದಿದ್ದರೆ ಅಲ್ಲಿ ಅರಿವೇ. ಅದೇ ವಾರ ಅವರ ಮೇಜಿನ ಮೇಲೆ ಕಾಫಿ ಚೆಲ್ಲಿದೆ. "ಸಾ ಅರೀವ್" ಎಂದು ಒರೆಸಿದರು. ಆಗುತ್ತಿರುತ್ತೆ ಬಿಡು, ಅಂತ.

ತಲುಪು, ಆಗು, ಕೈಗೂಡು. ಮೂರಕ್ಕೂ ಒಂದೇ ಪದ ಯಾಕೆ? ನಿಘಂಟಿನಲ್ಲಿ ಬೇರು ಹುಡುಕಿದೆ. ಲ್ಯಾಟಿನ್ನಿನ 'ಆದ್' ಅಂದರೆ ಕಡೆಗೆ, 'ರೀಪಾ' ಅಂದರೆ ದಡ. ಹಳೆಯ ಫ್ರೆಂಚಿನಲ್ಲಿ ಈ ಪದ ಹಡಗು ದಡ ಸೇರುವುದಕ್ಕೆ ಇತ್ತು. ಆಮೇಲೆ ನೆಲದ ಮೇಲೆ ಬಂದವರೂ ಅದನ್ನೇ ಹಿಡಿದರು. ಈಗ ರೈಲೂ 'ದಡ ಸೇರುತ್ತದೆ'. ಪ್ಯಾರಿಸ್ಸಿನಲ್ಲಿ ಸೇನ್ ನದಿಯ ಎಡದಂಡೆಗೆ 'ರೀವ್ ಗೋಶ್' ಎನ್ನುತ್ತಾರಲ್ಲ, ಆ ರೀವ್ ಕೂಡ ಅದೇ ರೀಪಾ.

ದಡ ಸಿಕ್ಕಿದ ಮೇಲೆ ನನಗೆ ಸಲೀಸಾಯಿತು. ನಾವೂ ಸಾಲ ತೀರಿಸಿ, ಮಗಳ ಮದುವೆ ಮುಗಿಸಿ 'ಅಂತೂ ದಡ ಸೇರಿದೆ' ಅಂತೀವಿ. ಕೈಗೂಡುವ ಅರ್ಥ ಹಾಗೆ ನೆನಪಿನಲ್ಲಿ ಕೂತಿತು. 'ಆಗು' ಅನ್ನುವುದಕ್ಕೆ, ಘಟನೆಯೇ ತೇಲಿಕೊಂಡು ನನ್ನ ದಡಕ್ಕೆ ಬಂತು ಎಂದುಕೊಂಡೆ. ಇದು ನಿಘಂಟಿನ ಮಾತಲ್ಲ, ಸುಮ್ನೆ ನಾನು ಮಾಡಿಕೊಂಡ ಗುರುತು.

ಹುಮ್ಮಸ್ಸು ಜಾಸ್ತಿಯಾಗಿ ಪ್ರತಿಸ್ಪರ್ಧಿ ಎಂಬ ಅರ್ಥದ 'ರಿವಾಲ್' ಪದವನ್ನೂ ಅದೇ ಪುಟಕ್ಕೆ ಸೇರಿಸಿದ್ದೆ. ನೋಡಿದರೆ ಅದು 'ರೀವುಸ್' ಎಂಬ ಬೇರೆ ಲ್ಯಾಟಿನ್ ಪದದ ಸಂತಾನ. ರೀವುಸ್ ಅಂದರೆ ತೊರೆ, ಕಾಲುವೆ. ಒಂದೇ ಕಾಲುವೆಯ ನೀರಿಗೆ ಪಾಲುದಾರರಾದವರು ರಿವಾಲಿಸ್. ನೀರಿಗೆ ಜಗಳ ಅಂದ್ರೆ ನಮಗೆ ಬಿಡಿಸಿ ಹೇಳಬೇಕಾ? ಅರಿವೇ ಪುಟದಲ್ಲಿ ಆ ಸಾಲು ಹೊಡೆದುಹಾಕಿ, ಅದಕ್ಕೆ ಬೇರೆ ಪುಟ ತೆಗೆದೆ.