ಮುಧೋಳ ಮರಿಯ ಊಟ, ತೂಕ ಮತ್ತು ಪಕ್ಕೆಲುಬು

ನಮ್ಮ ಬಾಗಲಕೋಟೆ ಕಡೆ ಮುಧೋಳ ನಾಯಿ ಸಾಕಿದವರಿಗೆ ಒಂದು ಮಾತು ತಪ್ಪಿದ್ದಲ್ಲ: "ಏನ್ರೀ, ಇದಕ್ಕ ಕೂಳ ಹಾಕೂದಿಲ್ಲೇನು?" ಎತ್ತರದಲ್ಲಿ ದೊಡ್ಡ ನಾಯಿ, ಗಂಡು 70 ಸೆಂ.ಮೀ. ಹತ್ತಿರ ಬೆಳೆಯುತ್ತದೆ. ತೂಕ ಮಾತ್ರ 28 ಕೆ.ಜಿ. ದಾಟುವುದು ಕಡಿಮೆ. ಓಡುವ ಜಾತಿ, ಮೈಯಲ್ಲಿ ಕೊಬ್ಬು ನಿಲ್ಲುವುದಿಲ್ಲ. ಮೇಲಾಗಿ ಊಟದಲ್ಲಿ ಭಾರಿ ಚೂಸಿ. ಲ್ಯಾಬ್ರಡಾರ್ ಥರ ಹಾಕಿದ್ದೆಲ್ಲ ನುಂಗುವುದಿಲ್ಲ. ಮೂಸಿ ನೋಡಿ, ಹೋಗಿ ಮಲಗಿಬಿಡುತ್ತದೆ.

ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ ಮರಿ ತಂದಾಗ, ಅಲ್ಲಿ ಏನು ತಿನ್ನುತ್ತಿತ್ತು ಅಂತ ಕೇಳಿಕೊಂಡು ಬಂದೆ. ಮೊದಲ ವಾರ ಅದನ್ನೇ ಹಾಕಿ, ಆಮೇಲೆ ಸ್ವಲ್ಪ ಸ್ವಲ್ಪವೇ ಪ್ಯಾಕೆಟ್ಟಿನ ಪಪ್ಪಿ ಫುಡ್‌ಗೆ ಬದಲಿಸಿದೆ. ಒಣದನ್ನು ಮುಟ್ಟುತ್ತಿರಲಿಲ್ಲ. ಕೋಳಿ ಬೇಯಿಸಿದ ಬೆಚ್ಚನೆ ನೀರಲ್ಲಿ ನೆನೆಸಿಟ್ಟರೆ ವಾಸನೆಗೇ ಎದ್ದು ಬರುತ್ತಿತ್ತು. ಆ ನೀರಲ್ಲಿ ಉಪ್ಪು, ಖಾರ ಇರಬಾರದು. ಉಳ್ಳಾಗಡ್ಡಿ, ಬೆಳ್ಳುಳ್ಳಿಯಂತೂ ಬೇಡವೇ ಬೇಡ, ಅವು ನಾಯಿಯ ರಕ್ತವನ್ನೇ ಕೆಡಿಸುತ್ತವೆ.

ಬಟ್ಟಲು ಇಟ್ಟು ಹದಿನೈದು ನಿಮಿಷ ಬಿಡುತ್ತಿದ್ದೆ. ತಿನ್ನದಿದ್ದರೆ ಸುಮ್ನೆ ಎತ್ತಿಡುವುದು, ಮತ್ತೆ ಮುಂದಿನ ಹೊತ್ತಿಗೇ ಊಟ. ಕಷ್ಟ ಆಗಿದ್ದು ಮರಿಯಿಂದ ಅಲ್ಲ, ನಮ್ಮ ಅವ್ವನಿಂದ. ನಾನು ಬಟ್ಟಲು ಎತ್ತಿದ ಕೂಡಲೇ "ಪಾಪ, ಹಸದೈತಿ" ಅಂತ ಹಾಲು ರೊಟ್ಟಿ ಕಲಸಿ ತರುತ್ತಿದ್ದಳು. ಇದನ್ನು ಬಿಟ್ಟರೆ ಅದು ಸಿಗುತ್ತದೆ ಅಂತ ನಾಯಿಗೆ ಬೇಗ ಗೊತ್ತಾಗುತ್ತದೆ, ಅಲ್ವಾ? ಹಾಲು ಜಾಸ್ತಿಯಾದರೆ ಭೇದಿ ಬೇರೆ. ಕೊನೆಗೆ ಅವ್ವನ ಜೊತೆ ಒಪ್ಪಂದವಾಯಿತು: ಬೇಯಿಸಿದ ಅರ್ಧ ಮೊಟ್ಟೆ ಅವಳ ಕೈಯಿಂದ, ಆದರೆ ಬಟ್ಟಲಿನೊಳಗೇ.

ಬೇಸಿಗೆಯಲ್ಲಿ ಮಧ್ಯಾಹ್ನ ಏನಿಟ್ಟರೂ ತಿನ್ನುವುದಿಲ್ಲ. ನಮ್ಮ ಬಿಸಿಲಿಗೆ ನಮಗೇ ಊಟ ಸೇರುವುದಿಲ್ಲ. ಹೊತ್ತು ಮೂಡುವ ಮೊದಲು ಮತ್ತು ಕತ್ತಲಾದ ಮೇಲೆ ದೊಡ್ಡ ಪಾಲು ಹಾಕಿದೆ. ನಾಲ್ಕರಿಂದ ಆರು ತಿಂಗಳೊಳಗೆ ಹಾಲುಹಲ್ಲು ಬೀಳುವಾಗಲೂ ಊಟ ಕುಗ್ಗುತ್ತದೆ, ಆಗ ಮೆತ್ತಗೆ ನೆನೆಸಿ ಕೊಟ್ಟರಾಯಿತು.

ಇನ್ನು ತೂಕ. ವಾರಕ್ಕೊಮ್ಮೆ ಮರಿಯನ್ನು ಎತ್ತಿಕೊಂಡು ಮೆಷಿನ್ ಮೇಲೆ ನಿಂತು, ನನ್ನ ತೂಕ ಕಳೆದು ಬರೆದಿಡುತ್ತಿದ್ದೆ. ಎತ್ತಲಾಗದಷ್ಟು ಬೆಳೆದ ಮೇಲೆ ಕಾಳಿನ ಅಂಗಡಿಯ ಕಾಟಾ. ಎರಡು ಹೊತ್ತು ಊಟ ಬಿಟ್ಟರೂ ಬರೆದ ತೂಕ ವಾರದಿಂದ ವಾರಕ್ಕೆ ಏರುತ್ತಿದ್ದರೆ ನನಗೆ ಚಿಂತೆ ಇರಲಿಲ್ಲ. ಏರದೆ ನಿಂತರೆ ಮೊದಲು ಜಂತುಹುಳದ ಅನುಮಾನ. ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಜಂತಿನ ಔಷಧಿ ಹಾಕಿಸಿದೆ.

ತೂಕಕ್ಕಿಂತ ನಾನು ನಂಬಿದ್ದು ಕೈಯನ್ನು. ನಿಮ್ಮ ಕೈ ಮುಷ್ಟಿ ಕಟ್ಟಿ ಗೆಣ್ಣು ಸವರಿ ನೋಡಿ. ಮರಿಯ ಪಕ್ಕೆ ಹಾಗೆ ಚುಚ್ಚಿದರೆ ಸೊರಗಿದೆ. ಬೆರಳು ಚಾಚಿ ಅಂಗೈ ಹಿಂಭಾಗ ಸವರಿದಾಗ ಎಲುಬು ತಿಳಿಯುತ್ತದಲ್ಲ, ಪಕ್ಕೆ ಹಾಗಿದ್ದರೆ ಸರಿ. ಅಂಗೈಯ ದಪ್ಪ ಭಾಗದಲ್ಲಿ ಹುಡುಕಿದ ಹಾಗೆ ಎಲುಬು ಹುಡುಕಬೇಕಾದರೆ ಊಟ ಜಾಸ್ತಿಯಾಗಿದೆ. ಮುಧೋಳಕ್ಕೆ ಕೊನೆಯ ಒಂದೆರಡು ಪಕ್ಕೆಲುಬು ಕಣ್ಣಿಗೆ ಕಾಣುವುದು ಸಹಜ. ಬೆನ್ನೆಲುಬು, ಸೊಂಟದ ಎಲುಬು ಎದ್ದು ಕಂಡು, ತೊಡೆಯ ಮಾಂಸವೂ ಕರಗಿದ್ದರೆ ಮಾತ್ರ ಯೋಚಿಸಬೇಕು.

"ಕಾಲು ಗಟ್ಟಿಯಾಗಲಿ, ಕ್ಯಾಲ್ಸಿಯಂ ಸಿರಪ್ ಹಾಕ್ರಿ" ಅಂತ ಹೇಳಿದವರು ಬಹಳ. ನಾನು ಹಾಕಲಿಲ್ಲ. ಪಪ್ಪಿ ಫುಡ್‌ನಲ್ಲಿ ಬೇಕಾದಷ್ಟು ಇರುತ್ತದೆ. ಎಳೆ ಮರಿಯ ಕರುಳಿಗೆ ಹೆಚ್ಚಾದದ್ದನ್ನು ತಡೆಯುವ ಶಕ್ತಿ ಕಡಿಮೆ. ಬೇಗ ಎತ್ತರ ಬೆಳೆಯುವ ಮರಿಯಲ್ಲಿ ಅದೇ ಎಲುಬು, ಕೀಲು ಕೆಡಿಸಬಹುದು. ಬರೀ ಅನ್ನ, ರೊಟ್ಟಿ, ಎಲುಬಿಲ್ಲದ ಮಾಂಸ ಹಾಕುವವರ ಲೆಕ್ಕ ಬೇರೆ. ಅಲ್ಲಿ ಕ್ಯಾಲ್ಸಿಯಂ ಕಡಿಮೆ ಬಿದ್ದು ಕಾಲು ಸೊಟ್ಟಗಾಗುತ್ತವೆ. ಎಷ್ಟು ಕೊಡಬೇಕು ಅಂತ ಡಾಕ್ಟರೇ ಹೇಳಬೇಕು.

ಚೂಸಿ ಮರಿ ಊಟ ಬಿಟ್ಟರೂ ಆಟ ಬಿಡುವುದಿಲ್ಲ. ಊಟದ ಜೊತೆ ಆಟವನ್ನೂ ಬಿಟ್ಟು ಮೂಲೆ ಸೇರಿದರೆ, ವಾಂತಿಯೋ ರಕ್ತ ಭೇದಿಯೋ ಶುರುವಾದರೆ ಅದು ಪಾರ್ವೋ ಎಂಬ ವೈರಸ್ ರೋಗ ಇರಬಹುದು. ಅಂಥ ಹೊತ್ತಲ್ಲಿ ಬಟ್ಟಲು ಎತ್ತಿಟ್ಟು ಕಾಯುವ ಮಾತೇ ಇಲ್ಲ, ಆಗಿಂದಾಗಲೇ ದವಾಖಾನೆಗೆ ಒಯ್ಯಬೇಕು.