ಸ್ಕಿಜೋಫ್ರೇನಿಯಾ ಮತ್ತು ಪದ ಹುಡುಕಾಟ: ನನ್ನ ಅನುಭವ

ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ ಇರುವ ಹಲವರಿಗೆ ಬೇಕಾದ ಪದ ಬೇಗ ಸಿಗಲ್ಲ. ಅಂಥವರಿಗೆ ನಾನು ಚಿತ್ರದ ಕಾರ್ಡು ಇಟ್ಟು ಹೆಸರು ಹೇಳಿಸುವ ಅಭ್ಯಾಸ ಮಾಡಿಸುತ್ತೇನೆ. ಪ್ರಾಣಿಗಳ ಹೆಸರು ಎಣಿಸಿದರೆ ಮಾತು ಬರುತ್ತಾ ಅಂತ ನಮ್ಮ ತಂಡದಲ್ಲಿ ನಕ್ಕವರೇ ಜಾಸ್ತಿ. ಈಗ ಅವರಲ್ಲೇ ಕೆಲವರು ನನ್ನ ಕಾರ್ಡುಗಳನ್ನು ಕೇಳಿ ಒಯ್ಯುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಪದ ಹುಡುಕಾಟ ಅಳೆಯುವ ಟೆಸ್ಟ್ ಸರಳ. 60 ಸೆಕೆಂಡಿನಲ್ಲಿ ಆದಷ್ಟು ಪ್ರಾಣಿಗಳ ಹೆಸರು ಹೇಳಬೇಕು, ಆಮೇಲೆ ಕ, ಪ, ಮ ಅಕ್ಷರದಿಂದ ಶುರುವಾಗುವ ಪದಗಳು. ಸ್ಕಿಜೋಫ್ರೇನಿಯಾ ಇರುವವರಲ್ಲಿ ಸಾಮಾನ್ಯವಾಗಿ ಅಕ್ಷರಕ್ಕಿಂತ ಪ್ರಾಣಿಗಳಲ್ಲೇ ಹೊಡೆತ ಜಾಸ್ತಿ. ನನ್ನ ಹತ್ತಿರ ಬಂದವರು ಹೆಚ್ಚಾಗಿ 7-8ಕ್ಕೆ ನಿಲ್ಲುತ್ತಿದ್ದರು.

ಮೊದಲು ಎಲ್ಲರಂತೆ ಪಟ್ಟಿ ಬಾಯಿಪಾಠ ಮಾಡಿಸಿದೆ. ಪ್ರಾಣಿಗಳು 15ರ ಹತ್ತಿರ ಹೋದವು. ಹಣ್ಣು ಕೇಳಿದರೆ ಮತ್ತೆ ಐದಾರು! ಆಮೇಲೆ ಕಂಪ್ಯೂಟರ್ ತರಬೇತಿ. ಲೈಸೆನ್ಸಿಗೆ ಹೆಚ್ಚುಕಮ್ಮಿ ಎರಡು ತಿಂಗಳ ಸಂಬಳ ಸುರಿದೆ. ಬಟನ್ ಒತ್ತುವ ವೇಗವೇನೋ ಏರಿತು, ಆದರೆ ಸ್ಕ್ರೀನ್ ಮುಂದೆ ಕೂತವರು ಬಾಯೇ ಬಿಡಲಿಲ್ಲ. ಮಾರಿದವರು ದುಡ್ಡು ವಾಪಸ್ ಕೊಡಲಿಲ್ಲ, ಅದು ಬೇರೆ ಕಥೆ. ಈಗಿನ ಕಾರ್ಡುಗಳು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬಿಡಿಸಿದ್ದು. ಖರ್ಚು ಗೋಂದಿಗೆ ಮಾತ್ರ.

ದಾರಿ ತೋರಿಸಿದ್ದು ಅವರ ಮಾತಿನ ರೆಕಾರ್ಡಿಂಗ್. ಒಟ್ಟು ಎಷ್ಟು ಅನ್ನೋದನ್ನು ಬಿಟ್ಟು, ಸಂಶೋಧಕಿ ಟ್ರಾಯರ್ ಮತ್ತು ಜೊತೆಗಾರರು 1997ರಲ್ಲಿ ಮಾಡಿದಂತೆ ಒಂದೇ ಬಗೆಯ ಪದಗಳ ಗುಂಪು ಎಷ್ಟು, ಗುಂಪಿನಿಂದ ಗುಂಪಿಗೆ ಜಿಗಿತ ಎಷ್ಟು ಅಂತ ಬರೆದುಕೊಂಡೆ. ಒಬ್ಬರು "ಹಸು, ಎಮ್ಮೆ, ನಾಯಿ..." ಅಂದು ಸುಮ್ಮನಾದರು. ಮತ್ತೆ "ಹಸು". ಪದಗಳಿಗೆ ಬರ ಇರಲಿಲ್ಲ, ಮನೆಯ ಪ್ರಾಣಿ ಮುಗಿದ ಮೇಲೆ ಕಾಡಿಗೆ ದಾಟುವುದೇ ಆಗುತ್ತಿರಲಿಲ್ಲ. ನೀರಿನ ಚಿತ್ರದ ಕಾರ್ಡ್ ಇಟ್ಟೆ. ತಡಮಾಡದೆ "ಮೊಸಳೆ, ಆಮೆ, ಮೀನು" ಬಂತು.

ಅಲ್ಲಿಂದ ಜಿಗಿತವನ್ನೇ ಕಲಿಸಿದೆ. ಐದು ಸೆಕೆಂಡ್ ಮೌನವಾದರೆ ಕಾರ್ಡ್. ಕೆಲವು ವಾರ ಕಳೆದ ಮೇಲೆ ಕಾರ್ಡ್ ಬದಲು ಕೈಸನ್ನೆ. ಕೊನೆಗೆ ಅವರೇ ತಮಗೆ "ಬೇರೆ ಜಾಗ" ಅಂತ ಪಿಸುಗುಟ್ಟಿಕೊಳ್ಳುವುದು. ಕಾರ್ಡುಗಳನ್ನು ಯಾವ ಕ್ರಮದಲ್ಲಿ ಇಡುತ್ತೇನೆ ಅನ್ನೋದರಲ್ಲಿ ಒಂದು ಗುಟ್ಟಿದೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಎಲ್ಲರಿಗೂ ಇದು ಹೊಂದಲ್ಲ. ಮಾತು ಹಳಿ ತಪ್ಪುವವರು ಮೊದಲೇ ಜಾಸ್ತಿ ಜಿಗಿಯುತ್ತಾರೆ. ಹುಲಿ, ಕಾಡು, ಮರ, ಬಾಗಿಲು, ಬೀಗ ಅಂತ ಹೊರಟೇಬಿಡುತ್ತಾರೆ. ಅವರ ಮುಂದೆ ಒಂದೇ ಕಾರ್ಡ್ ಇಡುತ್ತೇನೆ, ಅದರಲ್ಲಿ ನಾಲ್ಕು ಹೆಸರು ಬರುವ ತನಕ ತೆಗೆಯಲ್ಲ. ಇನ್ನೊಂದು ವಿಷಯ, ಶುರು ಮಾಡುವ ಮುಂಚೆ ಔಷಧಿ ಚೀಟಿ ನೋಡಿ. ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ನೆನಪನ್ನು ಮಂಕು ಮಾಡಬಲ್ಲದು. ಕಮ್ಮಿ ಮಾಡಬೇಕೋ ಬೇಡವೋ ಡಾಕ್ಟರ್ ಹೇಳಬೇಕು, ನಾವಲ್ಲ. ಆದರೆ ಕೇಳುವುದು ನಮ್ಮ ಕೆಲಸ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ, ಕಾರಿಡಾರಿನಲ್ಲಿ ನಡೆಸುತ್ತಾ ಹೆಸರು ಹೇಳಿಸಿದೆ. ಲೆಕ್ಕದಲ್ಲಿ ಒಂದೆರಡು ಪದ ಕಮ್ಮಿಯೇ ಆಯಿತು. ಆದರೆ ಕುರ್ಚಿಯಲ್ಲಿ ಬಿಗಿದುಕೊಂಡು ಕೂರುವವರು ನಡೆಯುವಾಗ ನನ್ನನ್ನೇ ಪ್ರಶ್ನೆ ಕೇಳಿದರು. ಅಂಥವರಿಗೆ ಇದನ್ನು ಇಟ್ಟುಕೊಂಡಿದ್ದೇನೆ.

ಇನ್ನು ನಕ್ಕವರ ಪ್ರಶ್ನೆ, ಇದರಿಂದ ಮಾತಿಗೇನು ಲಾಭ ಅಂತ. ಶುರುವಲ್ಲಿ, ಆಮೇಲೆ ಎರಡೂ ಸಲ "ಬಟ್ಟೆ ಒಗೆಯೋದು ಹೇಗೆ ಹೇಳಿ" ಅಂತ ಕೇಳಿ ರೆಕಾರ್ಡ್ ಮಾಡಿದ್ದೆ. ಮೊದಲು "ನೀರು ಹಾಕಿ ಒಗೆಯೋದು" ಅಂತ ಮುಗಿಸಿದವರು, ಮೂರು ತಿಂಗಳ ಹೊತ್ತಿಗೆ ನೆನೆಸೋದು, ಉಜ್ಜೋದು, ಹಿಂಡೋದು, ಒಣಹಾಕೋದು ಅಂತ ಆರೇಳು ವಾಕ್ಯ ಹೇಳಿದರು. ಕಲಿಸದೇ ಬಿಟ್ಟಿದ್ದ ಹಣ್ಣು, ವಾಹನಗಳಲ್ಲೂ ಮೂರ್ನಾಲ್ಕು ಪದ ಏರಿತ್ತು. ಅಕ್ಷರದ ಪದಗಳು ಮಾತ್ರ ಇದ್ದಲ್ಲೇ ಇವೆ.

ಮನೆಯವರಿಗೆ ನಾನು ಹೇಳುವುದು ಒಂದೇ. ಅವರ ವಾಕ್ಯ ನೀವು ಮುಗಿಸಬೇಡಿ, ಮನಸ್ಸಿನಲ್ಲೇ ಹತ್ತು ಎಣಿಸಿ. ಇದನ್ನು ಪಾಲಿಸುವ ಮನೆಯವರು ಕಮ್ಮಿ. ಪಾಲಿಸಿದವರ ಮನೆಯಿಂದ ಬಂದವರಿಗೆ ಕಾರ್ಡಿನ ಆಸರೆ ಬೇಗ ತಪ್ಪಿಸಬಹುದು.