ಮನಿ ಪ್ಲಾಂಟ್ ಬೇರು ಬಿಟ್ಟ ಮೇಲೆ ಪಾಚಿ ಹೋಯಿತು

ಐದು ತಿಂಗಳಾಯಿತು, ನಮ್ಮ ಮೀನಿನ ಟ್ಯಾಂಕಿನ ಗಾಜು ನಾನು ಉಜ್ಜಿಲ್ಲ. ಎರಡಡಿ ಟ್ಯಾಂಕ್, ಸುಮಾರು 50 ಲೀಟರ್ ನೀರು, ಹತ್ತು ಹನ್ನೆರಡು ಗಪ್ಪಿ, ಆರು ಟೆಟ್ರಾ. ಮನೆ ಧಾರವಾಡದ ಮಾಳಮಡ್ಡಿಯಲ್ಲಿ. "ಬಳ್ಳಿ ಇಟ್ರ ಪಾಚಿ ಹೋಗ್ತದೇನ್ರೀ?" ಎಂದು ಕೇಳಿದ್ದ ಗೆಳೆಯರೇ ಈಗ ಬಂದು ಮನಿ ಪ್ಲಾಂಟಿನ ಕಡ್ಡಿ ಒಯ್ಯುತ್ತಾರೆ.

ಅದಕ್ಕೂ ಮೊದಲು ಹೋದ ದುಡ್ಡು ಮೂರು ಸಾವಿರದ ಹತ್ತಿರ. ಎರಡು ಸಕರ್ ಮೀನು ತಂದೆ. ಎಂಟು ದಿನ ಪಾಚಿ ತಿಂದವು, ಆಮೇಲೆ ಗಪ್ಪಿಗೆ ಹಾಕಿದ ಕಾಳಿಗೇ ಬಾಯಿ ಹಾಕಿದವು. ಬೆಳೆದಂತೆ ಹೊಲಸೂ ಜಾಸ್ತಿ, ಅದರಿಂದ ಪಾಚಿಯೂ ಜಾಸ್ತಿ. 450 ರೂಪಾಯಿಯ ಔಷಧಿ ಹಾಕಿದೆ, ಪಾಚಿಗಿಂತ ಮೊದಲು ಗಿಡಗಳು ಕರಗಿದವು. ಚಾದರ ಹೊದಿಸಿ ಮೂರು ದಿನ ಕತ್ತಲೆ ಮಾಡಿದೆ. ನೀರು ತಿಳಿಯಾಯಿತು, ಹದಿನೈದು ದಿನದಲ್ಲಿ ಮತ್ತೆ ಹಸಿರು.

ಎಲ್ಲಕ್ಕಿಂತ ನೋವಾದದ್ದು ಪಾಚಿ ಸಾಯಿಸಲು ಹಾಕುವ ಹೈಡ್ರೋಜನ್ ಪೆರಾಕ್ಸೈಡ್ ವಿಷಯದಲ್ಲಿ. ಎಲ್ಲರೂ ಹೇಳುವ ಅಳತೆ 3 ಪರ್ಸೆಂಟಿನದು. ನಮ್ಮ ಮೆಡಿಕಲ್ ಶಾಪಿನಲ್ಲಿ ಸಿಕ್ಕಿದ್ದು 20 ವಾಲ್ಯೂಮ್, ಅಂದರೆ 6 ಪರ್ಸೆಂಟ್. ಅದನ್ನು ನೋಡದೆ 40 ಎಂಎಲ್ ಒಂದೇ ಸಲ ಸುರಿದೆ. ಬೆಳಗಾಗುವಷ್ಟರಲ್ಲಿ ನಾಲ್ಕು ಟೆಟ್ರಾ ಸತ್ತಿದ್ದವು. ಲೇಬಲ್ ಓದಿದ್ದರೆ ಉಳಿಯುತ್ತಿದ್ದವು. ಈಗ ಫಿಲ್ಟರ್ ಹತ್ತು ನಿಮಿಷ ನಿಲ್ಲಿಸಿ, ಕಟ್ಟಿಗೆ ಮೇಲಿನ ಕರಿ ಪಾಚಿಗೆ ಸಿರಿಂಜಿನಿಂದ ನೇರವಾಗಿ 5 ಎಂಎಲ್ ಬಿಡುತ್ತೇನೆ, ಅಷ್ಟೇ. ಮೊದಲು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಬಿಳಿಚಿಕೊಂಡು ಉದುರುತ್ತದೆ.

ನೀರೇ ಕೆಟ್ಟದ್ದು ಎಂದು ಮನೆಯಲ್ಲಿ ವಾದವಾಯಿತು. ಹಾಗಾಗಿ ಎರಡು ಗಾಜಿನ ಬಾಟಲಿ ಕಿಟಕಿಯಲ್ಲಿಟ್ಟೆ. ಒಂದರಲ್ಲಿ ಮಲಪ್ರಭಾ ನಲ್ಲಿ ನೀರು, ಇನ್ನೊಂದರಲ್ಲಿ ಟ್ಯಾಂಕಿನ ನೀರು. ಟ್ಯಾಂಕಿನದು ನಾಲ್ಕೈದು ದಿನಕ್ಕೇ ಹಸಿರಾಯಿತು. ನಲ್ಲಿಯದು ಎರಡು ವಾರ ಕಳೆದರೂ ಹಾಗೇ ಇತ್ತು. ತಪ್ಪು ನಾನು ಹಾಕುವ ಕಾಳಿನದು, ಮೀನಿನ ಹೊಲಸಿನದು. ಅವೇ ಪಾಚಿಗೆ ಗೊಬ್ಬರ. ನಮ್ಮ ಓಣಿಗೆ ನೀರು ಬರುವುದೇ ಐದಾರು ದಿನಕ್ಕೊಮ್ಮೆ. ಹಾಗಿರುವಾಗ ನೀರು ಬದಲಿಸುತ್ತಾ ಕೂರಲು ಆಗುತ್ತದಾ? ಆ ಗೊಬ್ಬರ ಎಳೆಯುವ ಗಿಡವೇ ಬೇಕಿತ್ತು.

ಜಗುಲಿಯ ಕುಂಡದಿಂದ ಮನಿ ಪ್ಲಾಂಟಿನ ಐದು ಕಡ್ಡಿ ಕತ್ತರಿಸಿ ಟ್ಯಾಂಕಿನಲ್ಲಿಟ್ಟೆ. ಗಿಣ್ಣು ನೀರಿನೊಳಗೆ, ಎಲೆ ಹೊರಗೆ. ಎಲೆ ಮುಳುಗಿದರೆ ಕೊಳೆಯುತ್ತದೆ. ಮೂರು ವಾರ ಏನೂ ಆಗಲಿಲ್ಲ. ಎಲ್ಲರೂ "ಸುಮ್ನೆ ಬಿಡ್ರೀ" ಅಂದರು. ಬಿಳಿ ಬೇರು ಗೇಣುದ್ದ ಆದ ಮೇಲೆ ಗಾಜಿನ ಹಾವಸೆ ತೆಳುವಾಗತೊಡಗಿತು. ಎರಡು ತಿಂಗಳಿಗೆ ಗಾಜು ಸ್ವಚ್ಛ. ಬೇರು ಬೇಗ ಬರಲು ನಾನು ಮಾಡುವ ಒಂದು ಕೆಲಸ ಇದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಜೊತೆಗೆ ಸುಮಾರು 300 ರೂಪಾಯಿಯ ಟೈಮರ್ ಹಾಕಿ ಲೈಟು ಹತ್ತು ತಾಸಿನಿಂದ ಆರಕ್ಕೆ ಇಳಿಸಿದೆ. ಬೆಳಗಿನ ಬಿಸಿಲು ಬೀಳುವ ಬದಿಗೆ ರಟ್ಟು ಇಟ್ಟೆ. ಕಾಳು ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ಮುಗಿಯುವಷ್ಟು. ಸೋಮವಾರ ಉಪವಾಸ.

ನಡುವೆ ಒಮ್ಮೆ ಕೇಳಿದವರಿಗೆಲ್ಲಾ ಕೊಡುತ್ತಾ ಅರ್ಧ ಬಳ್ಳಿ ಖಾಲಿ ಮಾಡಿದೆ. ಹತ್ತೇ ದಿನದಲ್ಲಿ ಮೂಲೆಯಲ್ಲಿ ಹಸಿರು ಕಾಣಿಸಿತು, ಹೊಸ ಬೇರು ಬಂದ ಮೇಲೆಯೇ ಹೋಯಿತು. ಈಗ ತಿಂಗಳಿಗೆ ಒಂದೇ ಕಡ್ಡಿ ಕೊಡುತ್ತೇನೆ.